ರಾತ್ರಿ 12:31ರ ರಿಪೋರ್ಟುಗಳು: ಫ್ರೀಬಿಎಸ್‌ಡಿ ಮೇಲೆ ಓಡಿದ ಒಂದು ಲಿನಕ್ಸ್ ಪ್ರೋಗ್ರಾಂನ ಪ್ರಕರಣ

ಇದು ಒಂದು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ನಡೆದದ್ದು. ಊರು, ಸಂಸ್ಥೆ, ಉಪಕರಣ, ಸಾಫ್ಟ್‌ವೇರ್ ಮಾಡಿದ ಕಂಪನಿ, ಯಾವುದರ ಹೆಸರನ್ನೂ ಇಲ್ಲಿ ಕೊಡುತ್ತಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ತಾಂತ್ರಿಕ ವಿಷಯವನ್ನು ಮಾತ್ರ ಮುಟ್ಟಿಲ್ಲ. ಆ ಲ್ಯಾಬ್‌ನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಲಿನಕ್ಸ್‌ಗೆಂದು ಮಾಡಿದ ಪ್ರೋಗ್ರಾಂ ಅನ್ನು ಬೇರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೇಲೆ ಓಡಿಸಲು ಹೊರಟವರಿಗೆ ಇದರಿಂದ ಒಂದಷ್ಟು ದಿನ ಉಳಿದರೆ ಸಾಕು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಹಳ್ಳಿಗಳಿಂದ ಬೋರ್‌ವೆಲ್ ನೀರು ಬಾಟಲಿಗಳಲ್ಲಿ ಬರುತ್ತದೆ. ಲ್ಯಾಬ್‌ನವರು ಫ್ಲೋರೈಡ್, ನೈಟ್ರೇಟ್, ಗಡಸುತನ ಅಳೆಯುತ್ತಾರೆ. ಒಂದೊಂದು ಬಾಟಲಿಗೂ ಉಪಕರಣ ಒಂದೊಂದು ಚಿಕ್ಕ ಫೈಲ್ ಬರೆದು ಸರ್ವರ್‌ನ ಫೋಲ್ಡರ್‌ಗೆ ಹಾಕುತ್ತದೆ. ಆ ಫೋಲ್ಡರ್ ಕಾಯುತ್ತಾ ಕೂತಿರುವ ಒಂದು ಪ್ರೋಗ್ರಾಂ ಇದೆ. ನಾವು ಅದನ್ನು ಏಜೆಂಟ್ ಅನ್ನುತ್ತೇವೆ. ಹೊಸ ಫೈಲ್ ಬಿದ್ದ ಕೂಡಲೇ ಎತ್ತಿಕೊಂಡು ಮುಖ್ಯ ಕಚೇರಿಗೆ ಕಳಿಸುವುದು ಅದರ ಕೆಲಸ. ಫ್ಲೋರೈಡ್ ಮಿತಿ ಮೀರಿದ್ದರೆ ಕಚೇರಿಯಿಂದ ಪಂಚಾಯಿತಿಗೆ ಅದೇ ದಿನ ಫೋನ್ ಹೋಗಬೇಕು. ಒಂದು ದಿನ ತಡವಾದರೆ ಒಂದು ಊರು ಇನ್ನೂ ಒಂದು ದಿನ ಆ ನೀರನ್ನೇ ಕುಡಿಯುತ್ತದೆ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಸರ್ವರ್‌ನಲ್ಲಿ ಇದ್ದದ್ದು ಫ್ರೀಬಿಎಸ್‌ಡಿ 13, ಲಿನಕ್ಸ್‌ನಂತೆಯೇ ಯುನಿಕ್ಸ್ ಮನೆತನದ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಡಿಸ್ಕ್‌ಗಳು ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂನಲ್ಲಿ, ಹಂಚಿಕೆ ಫೋಲ್ಡರ್ ಸಾಂಬಾದಲ್ಲಿ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರ್). ಗಂಟೆಗೊಂದು ಸ್ನ್ಯಾಪ್‌ಶಾಟ್. ವರ್ಷಗಟ್ಟಲೆ ತೊಂದರೆ ಕೊಡದೆ ನಡೆದಿತ್ತು. ಏಜೆಂಟ್ ಮಾತ್ರ ಪಕ್ಕದಲ್ಲಿದ್ದ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ, ಲಿನಕ್ಸ್ ಮೇಲೆ ಓಡುತ್ತಿತ್ತು. 2022ರ ಕೊನೆಯಲ್ಲಿ ಆ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸ ಯಂತ್ರ ಕೊಳ್ಳಲು ಮಂಜೂರಾತಿ ಬೇಕು, ಅದಕ್ಕೆ ತಿಂಗಳುಗಳಾಗುತ್ತವೆ. ಏಜೆಂಟ್‌ನ ಸೋರ್ಸ್ ಕೋಡ್ ನಮ್ಮ ಹತ್ತಿರ ಇಲ್ಲ. ಕಂಪನಿ ಕೊಡುವುದು 64 ಬಿಟ್ ಲಿನಕ್ಸ್ ಬೈನರಿ, ಅಂದರೆ ಕಂಪೈಲ್ ಆದ ಪ್ರೋಗ್ರಾಂ, ಮಾತ್ರ. ಇದೇ ಸಂದರ್ಭದಲ್ಲಿ ಅವರು ಹೊಸ ಆವೃತ್ತಿ ಕಳಿಸಿ, ಹಳೆಯದಕ್ಕೆ ಇನ್ನು ಬೆಂಬಲ ಇಲ್ಲ ಅಂದರು.

ಫ್ರೀಬಿಎಸ್‌ಡಿಯಲ್ಲಿ ಲಿನಕ್ಸ್ ಬೈನರಿ ಓಡಿಸುವ ಪದರ 1990ರ ದಶಕದಿಂದಲೂ ಇದೆ. ಲಿನಕ್ಸುಲೇಟರ್ ಅನ್ನುವುದು ಅದರ ಅಡ್ಡಹೆಸರು. ಏಜೆಂಟನ್ನು ಅದರ ಮೇಲೇ ಓಡಿಸೋಣ ಅಂತ ನಾನೇ ಹೇಳಿದೆ.

ಆ ಪದರ ಏನು ಮಾಡುತ್ತದೆ

ಎರಡೂ ಯುನಿಕ್ಸ್ ಮನೆತನದವೇ ಅಲ್ವಾ, ಅನುವಾದ ಯಾಕೆ ಬೇಕು ಅಂತ ನಮ್ಮ ಜೂನಿಯರ್ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಯುನಿಕ್ಸ್‌ಗಳ ನಡುವಿನ ಒಪ್ಪಂದಕ್ಕೆ ಪಾಸಿಕ್ಸ್ ಅಂತ ಹೆಸರು. ಮೊದಲು ಬಂದದ್ದು 1988ರಲ್ಲಿ. ಅದು ಮಾತಾಡುವುದು ಹೆಸರುಗಳ ಮಟ್ಟದಲ್ಲಿ. ಓಪನ್ ಹೀಗಿರಬೇಕು, ರೈಟ್ ಹೀಗಿರಬೇಕು, ತಪ್ಪಾದರೆ ಈ ಹೆಸರಿನ ಎರರ್ ಬರಬೇಕು ಅನ್ನುತ್ತದೆ. ಆ ಹೆಸರಿಗೆ ಯಾವ ಸಂಖ್ಯೆ ಅನ್ನುವುದನ್ನು ಆಯಾ ಕರ್ನಲ್‌ಗೆ ಬಿಟ್ಟಿದೆ. ಸೋರ್ಸ್ ಇದ್ದರೆ ತೊಂದರೆ ಇಲ್ಲ, ಕಂಪೈಲ್ ಮಾಡುವಾಗ ಸಂಖ್ಯೆಗಳು ತಾವೇ ಸರಿಹೋಗುತ್ತವೆ. ಬೈನರಿಯಲ್ಲಿ ಹೆಸರು ಉಳಿದಿರುವುದಿಲ್ಲ. ಉಳಿಯುವುದು ಸಂಖ್ಯೆ ಮಾತ್ರ.

ಹುಡುಗನಿಗೆ ಬೋರ್ಡ್ ಮೇಲೆ ಬರೆದು ತೋರಿಸಿದೆ. 64 ಬಿಟ್ ಲಿನಕ್ಸ್‌ನಲ್ಲಿ ರೈಟ್ ಅನ್ನುವ ಸಿಸ್ಟಂ ಕಾಲ್‌ನ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆಯ) ಸಂಖ್ಯೆ 1. ಫ್ರೀಬಿಎಸ್‌ಡಿಯಲ್ಲಿ ರೈಟ್ 4. ಹಾಗಾದರೆ ಫ್ರೀಬಿಎಸ್‌ಡಿಯಲ್ಲಿ 1 ಯಾವುದು? ಎಕ್ಸಿಟ್. ಅಂದರೆ ಪರದೆ ಮೇಲೆ ಒಂದು ಸಾಲು ಬರೆಯಲು ಹೋದ ಲಿನಕ್ಸ್ ಪ್ರೋಗ್ರಾಂ, ಅನುವಾದ ಇಲ್ಲದಿದ್ದರೆ, ಏನೂ ಬರೆಯದೆ ಅಲ್ಲೇ ಮುಗಿದುಹೋಗುತ್ತದೆ.

ಎರರ್ ಸಂಖ್ಯೆಗಳದ್ದು ಇನ್ನೂ ವಿಚಿತ್ರ. ಲಿನಕ್ಸ್‌ನಲ್ಲಿ 11 ಅಂದರೆ ‘ಈಗ ಆಗುವುದಿಲ್ಲ, ಆಮೇಲೆ ಮತ್ತೆ ಕೇಳು’. 35 ಅಂದರೆ ಡೆಡ್‌ಲಾಕ್, ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಕೊಂಡ ಸ್ಥಿತಿ. ಫ್ರೀಬಿಎಸ್‌ಡಿಯಲ್ಲಿ ಸರಿಯಾಗಿ ಇದರ ತಿರುವುಮುರುವು: 35 ಅಂದರೆ ಮತ್ತೆ ಕೇಳು, 11 ಅಂದರೆ ಡೆಡ್‌ಲಾಕ್. ಸಿಗ್ನಲ್ 10 ಲಿನಕ್ಸ್‌ನಲ್ಲಿ ಪ್ರೋಗ್ರಾಂ ತನಗೆ ಬೇಕಾದ ಹಾಗೆ ಬಳಸಿಕೊಳ್ಳುವಂಥದ್ದು. ಫ್ರೀಬಿಎಸ್‌ಡಿಯಲ್ಲಿ ಅದೇ 10 ಮೆಮೊರಿ ತಪ್ಪಾದಾಗ ಬರುವ ಬಸ್ ಎರರ್. ಫೈಲ್ ತೆರೆಯುವಾಗ ಕೊಡುವ ಫ್ಲ್ಯಾಗ್‌ಗಳೂ ಬೇರೆ, ಐಪಿವಿ6ರ ಗುರುತೂ ಬೇರೆ: ಅಲ್ಲಿ 10, ಇಲ್ಲಿ 28.

ಲಿನಕ್ಸುಲೇಟರ್ ಇದನ್ನೆಲ್ಲ ಒಂದೊಂದಾಗಿ ಬದಲಿಸಿಕೊಡುತ್ತದೆ. ಅದು ವರ್ಚುವಲ್ ಯಂತ್ರ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಅಲ್ಲ. ಒಂದೇ ಕರ್ನಲ್ ಒಳಗೆ ಸಿಸ್ಟಂ ಕಾಲ್‌ಗಳ ಎರಡನೇ ಪಟ್ಟಿ ಇರುತ್ತದೆ. ಪ್ರೋಗ್ರಾಂ ಶುರುವಾಗುವಾಗ ಇದು ಲಿನಕ್ಸ್‌ನದು ಅಂತ ಗೊತ್ತಾದರೆ ಕರ್ನಲ್ ಆ ಪಟ್ಟಿ ಹಿಡಿಯುತ್ತದೆ. ಹಾಗಾಗಿ ವೇಗದಲ್ಲಿ ಹೇಳಿಕೊಳ್ಳುವಂಥ ನಷ್ಟ ಇಲ್ಲ. ಈ ಕೆಲಸದ ಮೇಲೆ ನನಗೆ ನಿಜವಾಗಿಯೂ ಗೌರವ ಇದೆ. ನೂರಾರು ಕಾಲ್‌ಗಳು, ಪ್ರತಿಯೊಂದರ ಸಣ್ಣ ನಡವಳಿಕೆಯೂ ಹೊಂದಬೇಕು, ಆ ಕಡೆ ಲಿನಕ್ಸ್ ವರ್ಷವರ್ಷ ಹೊಸದನ್ನು ಸೇರಿಸುತ್ತಲೇ ಇರುತ್ತದೆ.

ಮೊದಲ ಮೂರು ಅಡ್ಡಿಗಳು

ಮೊದಲ ಅಡ್ಡಿ ಸಿ ಲೈಬ್ರರಿಯದು. ಆಗ ಫ್ರೀಬಿಎಸ್‌ಡಿ ಪ್ಯಾಕೇಜ್‌ಗಳಲ್ಲಿ ಸಿಗುತ್ತಿದ್ದ ಲಿನಕ್ಸ್ ಬುನಾದಿ ಸೆಂಟ್‌ಒಎಸ್ 7ರದು. ಅದರ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳು ಆಧರಿಸುವ ಸಿ ಲೈಬ್ರರಿ) 2.17. ಹೊಸ ಏಜೆಂಟ್ ಕೇಳಿದ್ದು ಕನಿಷ್ಠ 2.34. ಜಿಲಿಬ್‌ಸಿ 2.34ರಲ್ಲಿ ಪ್ರೋಗ್ರಾಂ ಶುರುಮಾಡುವ ಫಂಕ್ಷನ್‌ಗೇ ಹೊಸ ಆವೃತ್ತಿ ಗುರುತು ಬಂತು. ಹಾಗಾಗಿ ಆಮೇಲಿನ ಲೈಬ್ರರಿ ಮೇಲೆ ಕಟ್ಟಿದ ಯಾವುದೇ ಸಾಮಾನ್ಯ ಬೈನರಿ, ಎಷ್ಟೇ ಸರಳವಾಗಿದ್ದರೂ, ಹಳೆಯದರ ಮೇಲೆ ಏಳುವುದಿಲ್ಲ. ಇದಕ್ಕೆ ದಾರಿ ಸುಲಭ. ಒಂದು ಜೈಲ್ (ಫ್ರೀಬಿಎಸ್‌ಡಿಯೊಳಗೆ ಪ್ರತ್ಯೇಕ ಮಾಡಿದ ಆವರಣ) ಮಾಡಿ ಅದರೊಳಗೆ ಉಬುಂಟು 22.04ರ ಕಡತಗಳನ್ನು ಡೆಬೂಟ್‌ಸ್ಟ್ರಾಪ್‌ನಿಂದ ಇಳಿಸಿದೆವು. ಅದರ ಜಿಲಿಬ್‌ಸಿ 2.35. ಕರ್ನಲ್ ಮಾತ್ರ ಫ್ರೀಬಿಎಸ್‌ಡಿಯದೇ.

ಎರಡನೇ ಅಡ್ಡಿ ಗುರುತಿನದು. ಏಜೆಂಟ್ ಜೊತೆಗೆ ಅಪ್‌ಲೋಡ್ ಮಾಡುವ ಒಂದು ಸಹಾಯಕ ಪ್ರೋಗ್ರಾಂ ಬರುತ್ತದೆ. ಅದು ಗೋ ಭಾಷೆಯದು, ಎಲ್ಲವನ್ನೂ ಒಳಗೇ ತುಂಬಿಕೊಂಡ ಸ್ಟ್ಯಾಟಿಕ್ ಬೈನರಿ. ಓಡಿಸಿದರೆ ‘ಈ ಬಗೆಯ ಬೈನರಿ ಗೊತ್ತಿಲ್ಲ, ಬಗೆ 0’ ಅನ್ನುವ ಅರ್ಥದ ಸಾಲು ಬಂತು. ಇದು ಲಿನಕ್ಸ್‌ನದು ಅಂತ ಫ್ರೀಬಿಎಸ್‌ಡಿ ತಿಳಿಯುವುದು ಮೂರು ಕಡೆಯಿಂದ: ಫೈಲ್‌ನ ತಲೆಯಲ್ಲಿ ಎಂಟನೇ ಬೈಟ್, ಒಳಗಿರುವ ಒಂದು ಟಿಪ್ಪಣಿ, ಇಲ್ಲವೇ ಅದು ಕೇಳುವ ಲೋಡರ್‌ನ (ಪ್ರೋಗ್ರಾಂ ಅನ್ನು ಮೆಮೊರಿಗೆ ತರುವ ಭಾಗದ) ಹೆಸರು. ಈ ಬೈನರಿಯಲ್ಲಿ ಲೋಡರ್ ಇಲ್ಲ, ಟಿಪ್ಪಣಿ ಇಲ್ಲ, ಎಂಟನೇ ಬೈಟ್ ಸೊನ್ನೆ. ಬ್ರ್ಯಾಂಡೆಲ್ಫ್ ಆಜ್ಞೆಯಿಂದ ಆ ಬೈಟ್‌ಗೆ 3, ಅಂದರೆ ಲಿನಕ್ಸ್, ಅಂತ ಬರೆದೆವು. ಸಹಾಯಕ ಎದ್ದಿತು. ಆದರೆ ಏಜೆಂಟ್ ಅದನ್ನು ಸೇರಿಸಿಕೊಳ್ಳಲಿಲ್ಲ. ಶುರುವಿಗೆ ಮೊದಲು ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ನೋಡುತ್ತದೆ, ಒಂದು ಬೈಟ್ ಬದಲಾದರೂ ಹೊಂದುವುದಿಲ್ಲ. ಬೈಟನ್ನು ಹಿಂದಿನಂತೆ ಮಾಡಿ, ಗುರುತಿಲ್ಲದ ಬೈನರಿಗಳನ್ನು ಲಿನಕ್ಸ್ ಅಂತಲೇ ತಿಳಿ ಅನ್ನುವ ಕರ್ನಲ್ ಸೆಟ್ಟಿಂಗ್ ಹಾಕಿದೆವು. ಅದು ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ. ಫ್ರೀಬಿಎಸ್‌ಡಿಯ ಸ್ವಂತ ಬೈನರಿಗಳಿಗೆ ಗುರುತು ಇದ್ದೇ ಇರುವುದರಿಂದ ಅಪಾಯ ಕಡಿಮೆ.

ಮೂರನೆಯದು ಆವೃತ್ತಿಯದು. ನನ್ನ ತೀರ್ಮಾನ ಜಾರಿದ್ದು ಇಲ್ಲೇ.

ಏಜೆಂಟ್ ಶುರುವಿನಲ್ಲೇ ಕರ್ನಲ್ ಆವೃತ್ತಿ ಕೇಳುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ‘ಕರ್ನಲ್ ಹಳೆಯದು’ ಅಂತ ಹೇಳಿ ನಿಲ್ಲುತ್ತದೆ. ಲಿನಕ್ಸುಲೇಟರ್ ತನ್ನ ಲಿನಕ್ಸ್ ಆವೃತ್ತಿ ಇಷ್ಟು ಅಂತ ಹೇಳಿಕೊಳ್ಳುವುದು ಒಂದು ಸೆಟ್ಟಿಂಗ್‌ನಿಂದ. ನಮ್ಮಲ್ಲಿ ಅದು 5ರ ಕೆಳಗಿತ್ತು. ಆ ಸಂಖ್ಯೆಯನ್ನು ಜೈಲ್‌ಗೆ ಮಾತ್ರ ಬೇರೆಯಾಗಿ ಕೊಡಬಹುದು. ನಾನು 5.15.0 ಅಂತ ಕೊಟ್ಟೆ. ಏಜೆಂಟ್ ತಕ್ಷಣ ಒಪ್ಪಿಕೊಂಡಿತು. ‘ಫೋಲ್ಡರ್ ಕಾಯುತ್ತಿದ್ದೇನೆ’ ಅನ್ನುವ ಸಾಲು ಲಾಗ್‌ನಲ್ಲಿ ಬಂತು. ಐದು ಫೈಲ್ ಹಾಕಿ ನೋಡಿದೆವು, ಐದೂ ಹೋದವು. ಉಪಕರಣದ ಕಡೆಯಿಂದ ಹಾಕಿದೆವು, ಅದೂ ಹೋಯಿತು. ಎರಡು ದಿನ ಹೀಗೆ ಪರೀಕ್ಷೆ ಮಾಡಿ ಸೋಮವಾರ ಕೆಲಸಕ್ಕೆ ಬಿಟ್ಟೆವು.

ಎಲ್ಲದರ ಮುಂದೆಯೂ 12:31

ಗುರುವಾರ ಬೆಳಿಗ್ಗೆ ಲ್ಯಾಬ್‌ನ ಮೇಡಂ ನನ್ನ ಟೇಬಲ್ ಹತ್ತಿರ ಬಂದರು. ‘ಸಾರ್, ನಿನ್ನೆ ಮಧ್ಯಾಹ್ನದ ಎರಡು ಬಾಟಲಿಯಲ್ಲಿ ಫ್ಲೋರೈಡ್ ಜಾಸ್ತಿ ಇತ್ತು. ಕಚೇರಿಯವರು ಈಗ ಫೋನ್ ಮಾಡಿ, ಇಷ್ಟು ತಡ ಯಾಕೆ ಅಂತ ಕೇಳ್ತಿದ್ದಾರೆ.’

ಕಚೇರಿಯ ಪಟ್ಟಿ ತೆಗೆದು ನೋಡಿದೆ. ಮಂಗಳವಾರದ ಅಷ್ಟೂ ಮಾದರಿಗಳ ಮುಂದೆ ಬುಧವಾರ ರಾತ್ರಿ 12:31. ಬುಧವಾರದವುಗಳ ಮುಂದೆ ಗುರುವಾರ ರಾತ್ರಿ 12:31. ಬೆಳಿಗ್ಗೆ ಹತ್ತಕ್ಕೆ ಅಳೆದದ್ದಕ್ಕೂ ಅದೇ, ಸಂಜೆ ಐದಕ್ಕೆ ಅಳೆದದ್ದಕ್ಕೂ ಅದೇ.

12:30ಕ್ಕೆ ಏನಿದೆ? ಲಾಗ್ ಬದಲಿಸಲು ಏಜೆಂಟ್ ದಿನಕ್ಕೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ. ರೀಸ್ಟಾರ್ಟ್ ಆದಾಗ ಮೊದಲು ಫೋಲ್ಡರ್ ಪೂರ್ತಿ ಒಮ್ಮೆ ನೋಡಿ, ಉಳಿದಿದ್ದನ್ನೆಲ್ಲ ಕಳಿಸುತ್ತದೆ. ಆಮೇಲೆ ಹೊಸದಕ್ಕಾಗಿ ಕಾಯುತ್ತದೆ. ನಮ್ಮಲ್ಲಿ ಮೊದಲನೆಯದು ನಡೆಯುತ್ತಿತ್ತು, ಎರಡನೆಯದು ನಡೆಯುತ್ತಲೇ ಇರಲಿಲ್ಲ.

ಹಾಗಾದರೆ ಎರಡು ದಿನದ ಪರೀಕ್ಷೆಯಲ್ಲಿ ಹೇಗೆ ಹೋದವು? ನಾವು ಬರೆದಿಟ್ಟುಕೊಂಡಿದ್ದ ಟಿಪ್ಪಣಿ ತೆಗೆದು ಹುಡುಗನೂ ನಾನೂ ಕೂತು ಓದಿದೆವು. ಪ್ರತಿ ಸಲವೂ ಯಾವುದೋ ಸೆಟ್ಟಿಂಗ್ ಬದಲಿಸಿದ್ದೆವು. ಫೈಲ್ ಹಾಕಿ, ಏಜೆಂಟ್ ರೀಸ್ಟಾರ್ಟ್ ಮಾಡಿ, ಹೋಯಿತಾ ಅಂತ ನೋಡಿದ್ದೆವು. ಒಂದು ಸಲವೂ ರೀಸ್ಟಾರ್ಟ್ ಮಾಡದೆ ಸುಮ್ನೆ ಫೈಲ್ ಹಾಕಿ ಕಾದಿರಲಿಲ್ಲ. ಅಂದರೆ ನಾವು ಪರೀಕ್ಷಿಸಿದ್ದು ಶುರುವಿನ ನೋಟವನ್ನು. ದಿನವಿಡೀ ನಡೆಯಬೇಕಾದ ಕಾಯುವ ಕೆಲಸವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಮೊದಲು ಮಾಡಿದ್ದು ತಾತ್ಕಾಲಿಕ ಉಪಾಯ: ಹತ್ತು ನಿಮಿಷಕ್ಕೊಮ್ಮೆ ಏಜೆಂಟ್ ರೀಸ್ಟಾರ್ಟ್ ಆಗುವಂತೆ ಕ್ರಾನ್ (ನಿಗದಿತ ಸಮಯಕ್ಕೆ ಆಜ್ಞೆ ಓಡಿಸುವ ವ್ಯವಸ್ಥೆ) ಹಾಕಿದೆ. ಚೆಂದದ ದಾರಿ ಅಲ್ಲ. ಆದರೆ ಕಾರಣ ಹುಡುಕುವಷ್ಟು ದಿನವೂ ಹಳ್ಳಿಯ ರಿಪೋರ್ಟ್ ತಡವಾಗಬಾರದು. ಕಾರಣ ಆಮೇಲೆ ಹುಡುಕೋಣ, ಮೊದಲು ರಿಪೋರ್ಟ್ ಹೋಗಲಿ ಅಂತ ತೀರ್ಮಾನಿಸಿದ್ದು ಸರಿಯಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಕರ್ನಲ್ ನಿಜ ಹೇಳಿತ್ತು

ಟ್ರಸ್ ಅನ್ನುವ ಸಾಧನ ಹಾಕಿ ಏಜೆಂಟ್ ಶುರುಮಾಡಿದೆ. ಪ್ರೋಗ್ರಾಂ ಕರ್ನಲ್‌ಗೆ ಏನು ಕೇಳುತ್ತದೆ, ಕರ್ನಲ್ ಏನು ಉತ್ತರ ಕೊಡುತ್ತದೆ ಅನ್ನುವುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ನೂರಾರು ಸಾಲುಗಳ ನಡುವೆ ಒಂದು: ಇನೋಟಿಫೈ (ಫೋಲ್ಡರ್‌ನಲ್ಲಿ ಬದಲಾವಣೆ ಆದರೆ ತಿಳಿಸುವ ಲಿನಕ್ಸ್ ಸೌಲಭ್ಯ) ತೆರೆಯುವ ಕಾಲ್, ಉತ್ತರ ‘ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್’. ಅದರ ಬೆನ್ನಿಗೇ ಲಾಗ್ ಫೈಲ್‌ಗೆ ಒಂದು ರೈಟ್: ‘ಫೋಲ್ಡರ್ ಕಾಯುತ್ತಿದ್ದೇನೆ’.

ಅಷ್ಟೇ. ಇಡೀ ಪ್ರಕರಣ ಆ ಎರಡು ಸಾಲುಗಳಲ್ಲಿತ್ತು.

ಆಮೇಲೆ ಕರ್ನಲ್ ಸಂದೇಶಗಳನ್ನು ನೋಡಿದರೆ ಅಲ್ಲೂ ಅದೇ ಮಾತು. ಈ ಜೈಲ್‌ನ ಈ ಪ್ರೊಸೆಸ್ ಇನೋಟಿಫೈ ಕೇಳಿತು, ಅದು ಇಲ್ಲಿ ಇಲ್ಲ ಅಂತ. ಸೋಮವಾರದಿಂದ ಅಲ್ಲೇ ಇತ್ತು. ನಾವು ಏಜೆಂಟ್‌ನ ಲಾಗ್ ಮಾತ್ರ ನೋಡುತ್ತಿದ್ದೆವು.

ಇನೋಟಿಫೈ ಲಿನಕ್ಸ್‌ಗೆ 2005ರಲ್ಲಿ, 2.6.13ರಲ್ಲಿ ಬಂತು. ಇಷ್ಟು ಹಳೆಯದು ಆ ಪದರದಲ್ಲಿ ಯಾಕೆ ಇರಲಿಲ್ಲ? ಕಾರಣ ಸೋಮಾರಿತನ ಅಲ್ಲ. ಲಿನಕ್ಸ್‌ನ ಈಪೋಲ್ ಕೂಡ ಫ್ರೀಬಿಎಸ್‌ಡಿಯಲ್ಲಿ ಇಲ್ಲ. ಆದರೆ ಅಲ್ಲಿ 2000ದಿಂದಲೇ ಕೆಕ್ಯೂ ಇದೆ. ಈ ಸಾಕೆಟ್‌ಗಳಲ್ಲಿ ಯಾವುದಕ್ಕೆ ಡೇಟಾ ಬಂದಿದೆ ಹೇಳು ಅಂತ ಕೇಳುವುದೇ ಎರಡರ ಕೆಲಸ. ಹಾಗಾಗಿ ಈಪೋಲ್ ಅನ್ನು ಕೆಕ್ಯೂ ಮೇಲೆ ಕೂರಿಸಲು ಆಯಿತು. ಇನೋಟಿಫೈ ಹಾಗೆ ಕೂರುವುದಿಲ್ಲ. ಒಂದು ಫೋಲ್ಡರ್ ತೋರಿಸಿದರೆ, ಅದರೊಳಗೆ ಇಂಥ ಹೆಸರಿನ ಫೈಲ್ ಬಂತು, ಬರೆದು ಮುಗಿಸಿ ಮುಚ್ಚಿದರು ಅಂತ ಇನೋಟಿಫೈ ಹೆಸರು ಸಮೇತ ಹೇಳುತ್ತದೆ. ಕೆಕ್ಯೂ ಫೋಲ್ಡರ್ ಬದಲಾಯಿತು ಅಂತ ಮಾತ್ರ ಹೇಳುತ್ತದೆ. ಏನು ಬದಲಾಯಿತು ಅಂತ ನಾವೇ ಒಳಗೆ ನೋಡಬೇಕು. ಒಳಗಿನ ಒಂದೊಂದು ಫೈಲನ್ನೂ ಕಾಯಬೇಕಾದರೆ ಒಂದೊಂದನ್ನೂ ತೆರೆದಿಟ್ಟುಕೊಳ್ಳಬೇಕು. ಸಂಖ್ಯೆ ಬದಲಿಸುವುದರಿಂದ ಈ ಅಂತರ ಮುಚ್ಚುವುದಿಲ್ಲ. ಕರ್ನಲ್ ಒಳಗೇ ಹೊಸದಾಗಿ ಕಟ್ಟಬೇಕು.

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು ‘ಇಲ್ಲ’ ಅನ್ನುವ ಉತ್ತರದ ಬಗೆ. ಫ್ರೀಬಿಎಸ್‌ಡಿ ತನ್ನಲ್ಲಿ ಇಲ್ಲದ್ದನ್ನು ಇಲ್ಲ ಅಂತ ನೇರವಾಗಿ ಹೇಳಿತು. ಅದಕ್ಕೆ ಎನೋಸಿಸ್ ಅಂತ ಒಂದು ಎರರ್ ಇದೆ. ಸರಿಯಾಗಿ ಬರೆದ ಪ್ರೋಗ್ರಾಂ ಆ ಉತ್ತರ ಕಂಡರೆ ಹಳೆಯ ದಾರಿ ಹಿಡಿಯುತ್ತದೆ. ಜಿಲಿಬ್‌ಸಿಯನ್ನೇ ನೋಡಿ. 2.34ರಿಂದ ಅದು ಹೊಸ ಥ್ರೆಡ್ ಮಾಡಲು ಮೊದಲು ಕ್ಲೋನ್3 ಅನ್ನುವ ಹೊಸ ಕಾಲ್ ಕೇಳುತ್ತದೆ. ಕರ್ನಲ್ ಎನೋಸಿಸ್ ಅಂದರೆ ಹಳೆಯ ಕ್ಲೋನ್‌ಗೆ ಹೋಗುತ್ತದೆ. 2021ರಲ್ಲಿ ಕಂಟೇನರ್‌ಗಳಲ್ಲಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂ ಪ್ರತ್ಯೇಕವಾಗಿ ಓಡಿಸುವ ಆವರಣಗಳಲ್ಲಿ) ಇದೇ ವಿಷಯಕ್ಕೆ ದೊಡ್ಡ ಗಲಿಬಿಲಿ ಆಗಿತ್ತು. ಗೊತ್ತಿಲ್ಲದ ಕಾಲ್‌ಗಳನ್ನು ತಡೆಯುವ ಫಿಲ್ಟರ್, ಎನೋಸಿಸ್ ಬದಲು ‘ನಿನಗೆ ಅನುಮತಿ ಇಲ್ಲ’ ಅನ್ನುವ ಎರರ್ ಕೊಡುತ್ತಿತ್ತು. ಜಿಲಿಬ್‌ಸಿ ಅದನ್ನು ನಿಜವಾದ ನಿರಾಕರಣೆ ಅಂತ ತಿಳಿದು ನಿಂತುಬಿಡುತ್ತಿತ್ತು. ಥ್ರೆಡ್ ಕೂಡ ಹುಟ್ಟುತ್ತಿರಲಿಲ್ಲ. ಫಿಲ್ಟರ್‌ನ ಉತ್ತರವನ್ನು ಎನೋಸಿಸ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಇಂಟರ್‌ಫೇಸ್ ಹೊಂದುತ್ತದೆಯೇ ಅಂತ ನೋಡುವಾಗ ನಾವು ಯಾವ ಕಾಲ್ ಇದೆ ಅಂತ ಎಣಿಸುತ್ತೇವೆ. ಇಲ್ಲದ ಕಾಲ್ ಹೇಗೆ ಇಲ್ಲ ಅನ್ನುತ್ತದೆ ಅನ್ನುವುದೂ ಆ ಇಂಟರ್‌ಫೇಸ್‌ನ ಭಾಗವೇ.

ನಮ್ಮಲ್ಲಿ ಕರ್ನಲ್ ನಿಜ ಹೇಳಿತು. ಏಜೆಂಟ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಮತ್ತು ಸುಳ್ಳು ಹೇಳಿದವನು ನಾನು, 5.15.0 ಅಂತ. ಆ ಸಂಖ್ಯೆ ಮುಟ್ಟದೇ ಇದ್ದಿದ್ದರೆ ಏಜೆಂಟ್ ಮೊದಲ ದಿನವೇ ಆಗುವುದಿಲ್ಲ ಅಂತ ನಿಲ್ಲುತ್ತಿತ್ತು, ನಾವು ಬೇರೆ ವ್ಯವಸ್ಥೆ ಮಾಡುತ್ತಿದ್ದೆವು. ಲಿನಕ್ಸ್‌ನವರು ಬಳಕೆದಾರರ ಪ್ರೋಗ್ರಾಂ ಮುರಿಯಬಾರದು ಅನ್ನುವ ನಿಯಮವನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಅದರಿಂದ ಅಲ್ಲಿ 5.15 ಅಂದರೆ ಅದಕ್ಕಿಂತ ಹಿಂದೆ ಬಂದದ್ದೆಲ್ಲ ಇದೆ ಅಂತ ಪ್ರೋಗ್ರಾಂ ಬರೆಯುವವರು ನಂಬುತ್ತಾರೆ. ಬೇರೆ ಕರ್ನಲ್ ಆ ಸಂಖ್ಯೆ ಹೇಳಿಕೊಂಡರೆ ಆ ನಂಬಿಕೆಯ ಪೂರ್ತಿ ಭಾರ ಹೊತ್ತುಕೊಂಡ ಹಾಗೆ.

ಫ್ರೀಬಿಎಸ್‌ಡಿಯ ಸೋದರ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು 2016ರಲ್ಲಿ, 6.0ರಲ್ಲಿ, ತಮ್ಮ ಲಿನಕ್ಸ್ ಪದರವನ್ನೇ ತೆಗೆದುಹಾಕಿದರು. ಹಿಂದೆ ನನಗೆ ಅದು ಅತಿ ಅನ್ನಿಸಿತ್ತು. ಈಗ ಅವರ ಲೆಕ್ಕ ಅರ್ಥವಾಗುತ್ತದೆ: ಪೂರ್ತಿ ನಿಭಾಯಿಸಲು ಆಗದ ಭರವಸೆ ಕೊಡುವುದೇ ಬೇಡ. ಹಾಗಂತ ಫ್ರೀಬಿಎಸ್‌ಡಿಯವರ ದಾರಿ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಪದರ ಇಲ್ಲದಿದ್ದರೆ ನಮ್ಮ ಲ್ಯಾಬ್‌ಗೆ ಇಷ್ಟು ಹಗುರವಾದ ದಾರಿ ಇರುತ್ತಿರಲಿಲ್ಲ.

ನಿಜವಾದ ಲಿನಕ್ಸ್ ಕರ್ನಲ್ ತಂದರೂ

ಸರಿ, ಅನುವಾದವೇ ಬೇಡ ಅಂತ ತೀರ್ಮಾನಿಸಿದೆವು. ಫ್ರೀಬಿಎಸ್‌ಡಿಯಲ್ಲಿ ವರ್ಚುವಲ್ ಯಂತ್ರ ಓಡಿಸುವ ಬಿಹೈವ್ ಇದೆ. ಅದರೊಳಗೆ ಒಂದು ಸಣ್ಣ ವರ್ಚುವಲ್ ಯಂತ್ರ, ಅದರಲ್ಲಿ ಉಬುಂಟು, ಅದರದೇ ಲಿನಕ್ಸ್ ಕರ್ನಲ್. ಫೈಲ್‌ಗಳ ಫೋಲ್ಡರನ್ನು ಎನ್‌ಎಫ್‌ಎಸ್ ಅನ್ನುವ ನೆಟ್‌ವರ್ಕ್ ಹಂಚಿಕೆ ಮೂಲಕ ಒಳಗೆ ಕೊಟ್ಟೆವು. ಈ ಸಲ ರೀಸ್ಟಾರ್ಟ್ ಮಾಡದೆ ಪರೀಕ್ಷೆ ಮಾಡಿದೆವು. ಉಪಕರಣದಿಂದ ಒಂದು ಫೈಲ್ ಹಾಕಿಸಿ ಗಡಿಯಾರ ನೋಡುತ್ತಾ ಕೂತೆವು. ಒಂದು ನಿಮಿಷ, ಐದು ನಿಮಿಷ. ಏನೂ ಇಲ್ಲ.

ಹುಡುಗ ಬೇಜಾರಿನಿಂದ ಅಂದ, ‘ಸಾರ್, ಇದು ನಿಜವಾದ ಲಿನಕ್ಸೇ ಅಲ್ವಾ?’

ಹೌದು, ನಿಜವಾದದ್ದೇ. ಆದರೆ ಇನೋಟಿಫೈ ಹೇಳುವುದು ಆ ಕರ್ನಲ್ ಕೈಯಿಂದ ಆದ ಬದಲಾವಣೆಗಳನ್ನು ಮಾತ್ರ. ಫೈಲ್ ಬರೆದದ್ದು ಹೊರಗಿನ ಫ್ರೀಬಿಎಸ್‌ಡಿಯಲ್ಲಿರುವ ಸಾಂಬಾ. ಎನ್‌ಎಫ್‌ಎಸ್ ಆ ಸುದ್ದಿಯನ್ನು ಒಳಗಿನ ಲಿನಕ್ಸ್‌ಗೆ ತಲುಪಿಸುವುದಿಲ್ಲ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಈ ತೊಂದರೆ ಬರದಿದ್ದದ್ದು ಹಳೆಯ ಏಜೆಂಟ್ ಇನೋಟಿಫೈ ಬಳಸದೆ ಆಗಾಗ ಫೋಲ್ಡರ್ ನೋಡುತ್ತಿದ್ದುದರಿಂದ. ಹೊಸ ಏಜೆಂಟನ್ನು ಅದೇ ಡೆಸ್ಕ್‌ಟಾಪ್‌ನಲ್ಲಿ ಹಾಕಿದ್ದರೂ ಇದೇ ಗತಿ ಆಗುತ್ತಿತ್ತು. ಇದು ಗೊತ್ತಾದಾಗ ಒಂದು ಥರ ಸಮಾಧಾನವೂ ಆಯಿತು.

ಕೊನೆಗೆ ನಡುವೆ ಒಂದು ಸಣ್ಣ ಸೇತುವೆ ಕಟ್ಟಿದೆವು. ಹೊರಗೆ ಒಂದು ಸ್ಕ್ರಿಪ್ಟ್ ಪ್ರತಿ ಇಪ್ಪತ್ತು ಸೆಕೆಂಡಿಗೆ ಫೋಲ್ಡರ್ ನೋಡಿ, ಹೊಸ ಫೈಲ್‌ಗಳನ್ನು, ನಕಲು ಮಾಡುವ ಆರ್‌ಸಿಂಕ್ ಪ್ರೋಗ್ರಾಂನಿಂದ, ವರ್ಚುವಲ್ ಯಂತ್ರದ ಸ್ವಂತ ಡಿಸ್ಕ್‌ಗೆ ಹಾಕುತ್ತದೆ. ಅಲ್ಲೂ ಒಂದು ಎಡವಟ್ಟು. ಆರ್‌ಸಿಂಕ್ ಮೊದಲು ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುತ್ತದೆ. ಏಜೆಂಟ್ ಕಾಯುವುದು ‘ಬರೆದು ಮುಚ್ಚಿದರು’ ಅನ್ನುವ ಸುದ್ದಿಗೆ. ಆ ಸುದ್ದಿ ತಾತ್ಕಾಲಿಕ ಹೆಸರಿಗೆ ಬರುತ್ತದೆ. ಏಜೆಂಟ್ ಹೋಗಿ ನೋಡುವಷ್ಟರಲ್ಲಿ ಆ ಹೆಸರಿನ ಫೈಲ್ ಇರುವುದಿಲ್ಲ. ಹೆಸರು ಬದಲಾದದ್ದಕ್ಕೆ ಬರುವುದು ಬೇರೆಯೇ ಸುದ್ದಿ, ಅದನ್ನು ಏಜೆಂಟ್ ಕೇಳುತ್ತಿರಲಿಲ್ಲ. ಆರ್‌ಸಿಂಕ್‌ಗೆ ನೇರ ಅದೇ ಹೆಸರಿನಲ್ಲಿ ಬರೆ ಅನ್ನುವ ಇನ್‌ಪ್ಲೇಸ್ ಆಯ್ಕೆ ಕೊಟ್ಟ ಮೇಲೆ ಫೈಲ್‌ಗಳು ಹೋಗತೊಡಗಿದವು.

ಕ್ರಾನ್ ತೆಗೆದೆ. ರಿಪೋರ್ಟ್‌ಗಳು ಅರ್ಧ ನಿಮಿಷದೊಳಗೆ ಕಚೇರಿ ತಲುಪತೊಡಗಿದವು.

ಕಂಪನಿಗೆ ಒಪ್ಪಿಸಿದ ಬಗೆ

ಕೆಲಸ ನಡೆಯುತ್ತಿತ್ತು, ಆದರೆ ಫೈಲ್ ಎತ್ತುವ ಒಂದು ಕೆಲಸಕ್ಕೆ ಇಡೀ ವರ್ಚುವಲ್ ಯಂತ್ರ, ಅದರ ಅಪ್‌ಡೇಟ್, ಅದರ ಬ್ಯಾಕಪ್, ನಡುವೆ ಒಂದು ಸ್ಕ್ರಿಪ್ಟ್. ಒಂದೊಂದೂ ಮುರಿಯಬಹುದಾದ ಕೊಂಡಿ. ಏಜೆಂಟ್‌ನಲ್ಲೇ ಹಳೆಯ ಹಾಗೆ ಆಗಾಗ ಫೋಲ್ಡರ್ ನೋಡುವ ಆಯ್ಕೆ ಇದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಕಂಪನಿಗೆ ಟ್ರಸ್‌ನ ಆ ಎರಡು ಸಾಲು ಕಳಿಸಿದೆ. ಮರುದಿನ ಉತ್ತರ ಬಂತು: ಫ್ರೀಬಿಎಸ್‌ಡಿಗೆ ಬೆಂಬಲ ಇಲ್ಲ, ಲಿನಕ್ಸ್‌ನಲ್ಲಿ ಈ ತೊಂದರೆ ಬರುವುದಿಲ್ಲ. ಅವರ ದೃಷ್ಟಿಯಿಂದ ನ್ಯಾಯವೇ. ಅವರು ಒಪ್ಪಿದ ವೇದಿಕೆ ಅದಲ್ಲ.

ಆದರೆ ‘ಲಿನಕ್ಸ್‌ನಲ್ಲಿ ಬರುವುದಿಲ್ಲ’ ಅನ್ನುವುದು ನಿಜವೇ? ಲಿನಕ್ಸ್‌ನಲ್ಲೂ ಇನೋಟಿಫೈ ತೆರೆಯುವುದು ವಿಫಲವಾಗಬಹುದು. ಒಬ್ಬ ಬಳಕೆದಾರ ಎಷ್ಟು ಇನೋಟಿಫೈ ತೆರೆಯಬಹುದು ಅನ್ನುವುದಕ್ಕೆ ಮಿತಿ ಇದೆ. ಸಾಮಾನ್ಯವಾಗಿ 128. ಬೇರೆ ಪ್ರೋಗ್ರಾಂಗಳು ಅದನ್ನು ತಿಂದುಹಾಕಿದ್ದರೆ ಮುಂದಿನವನಿಗೆ ಎರರ್ ಬರುತ್ತದೆ. ಆ ಮಿತಿಯನ್ನು ಸೆಟ್ಟಿಂಗ್‌ನಿಂದ ಸೊನ್ನೆಗೂ ಇಳಿಸಬಹುದು.

ವರ್ಚುವಲ್ ಯಂತ್ರದಲ್ಲಿ, ಅವರು ಬೆಂಬಲ ಕೊಡುವ ಅದೇ ಉಬುಂಟು 22.04ರಲ್ಲಿ, ಮಿತಿ ಸೊನ್ನೆ ಮಾಡಿ ಏಜೆಂಟ್ ಶುರುಮಾಡಿದೆ. ಇನೋಟಿಫೈ ವಿಫಲ. ಲಾಗ್‌ನಲ್ಲಿ: ‘ಫೋಲ್ಡರ್ ಕಾಯುತ್ತಿದ್ದೇನೆ’. ಫೈಲ್ ಹಾಕಿದರೆ ಎತ್ತಲಿಲ್ಲ. ಅಕ್ಷರಶಃ ಅದೇ ತೊಂದರೆ, ಅವರದೇ ನೆಲದಲ್ಲಿ.

ಎರಡನೇ ಪತ್ರದಲ್ಲಿ ಫ್ರೀಬಿಎಸ್‌ಡಿಯ ಹೆಸರನ್ನೇ ಎತ್ತಲಿಲ್ಲ. ಮರುಸೃಷ್ಟಿಸುವ ಮೂರು ಹಂತ ಬರೆದು, ನೀರಿನ ರಿಪೋರ್ಟ್ ಒಂದು ದಿನ ತಡವಾದರೆ ಏನಾಗುತ್ತದೆ ಅಂತ ಒಂದು ಸಾಲು ಸೇರಿಸಿದೆ. ಈ ಸಲ ಅವರ ಎಂಜಿನಿಯರ್ ಒಬ್ಬರು ಫೋನ್ ಮಾಡಿದರು. ತುಂಬ ಒಳ್ಳೆಯ ಮನುಷ್ಯ. ‘ಇದು ನಮ್ಮ ತಪ್ಪು ಸಾರ್, ಎರರ್ ನೋಡಲೇ ಇಲ್ಲ’ ಅಂತ ನೇರವಾಗಿ ಹೇಳಿದರು. ಮುಂದಿನ ಆವೃತ್ತಿಯಲ್ಲಿ ಇನೋಟಿಫೈ ಸಿಗದಿದ್ದರೆ ಲಾಗ್‌ನಲ್ಲಿ ಕೆಂಪು ಸಾಲು ಬರುತ್ತದೆ ಮತ್ತು ಹದಿನೈದು ಸೆಕೆಂಡಿಗೊಮ್ಮೆ ಫೋಲ್ಡರ್ ನೋಡುವ ಹಳೆಯ ದಾರಿಗೆ ಹೋಗುತ್ತದೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ. ಫ್ರೀಬಿಎಸ್‌ಡಿಯಲ್ಲಿ ಸಿಕ್ಕಿಬಿದ್ದ ತಪ್ಪು ಲಿನಕ್ಸ್‌ನಲ್ಲೂ ಅಡಗಿ ಕೂತಿತ್ತು. ಬೇರೆ ಕರ್ನಲ್ ಮೇಲೆ ಓಡಿಸದೇ ಇದ್ದಿದ್ದರೆ ಇನ್ನೆಲ್ಲೋ ಇನ್ನಾರಿಗೋ ಮಿತಿ ತುಂಬಿದ ದಿನ ಎದುರಾಗುತ್ತಿತ್ತು, ಆಗ ಅವರಿಗೆ ಕಾರಣವೇ ತಿಳಿಯುತ್ತಿರಲಿಲ್ಲ.

ಈಗ

ಹೊಸ ಏಜೆಂಟ್ ಬಂದ ಮೇಲೆ ವರ್ಚುವಲ್ ಯಂತ್ರ ನಿಲ್ಲಿಸಿ ಮತ್ತೆ ಜೈಲ್‌ಗೆ ಬಂದೆವು. ಕರ್ನಲ್ ಸಂಖ್ಯೆ ಈಗಲೂ 5.15.0 ಅಂತಲೇ ಇದೆ, ಇಲ್ಲದಿದ್ದರೆ ಏಜೆಂಟ್ ಏಳುವುದಿಲ್ಲ. ಆದರೆ ಆ ಸಾಲಿನ ಪಕ್ಕದಲ್ಲಿ ಕಾನ್ಫಿಗರೇಶನ್ ಫೈಲ್‌ನಲ್ಲೇ ಒಂದು ಟಿಪ್ಪಣಿ ಬರೆದಿದ್ದೇವೆ: ಈ ಸಂಖ್ಯೆ ನಾವು ಹೇಳಿದ್ದು, ಕರ್ನಲ್‌ನದಲ್ಲ, ಏಜೆಂಟ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಟ್ರಸ್ ಹಾಕಿ ‘ಇಂಪ್ಲಿಮೆಂಟ್ ಆಗಿಲ್ಲ’ ಅನ್ನುವ ಉತ್ತರಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಏಜೆಂಟ್ ಆಮೇಲೆ ಏನು ಮಾಡಿತು ಅಂತ ಬರೆದಿಡಬೇಕು. ಹುಡುಗ ಅದನ್ನು ಒಂದು ಸಣ್ಣ ಸ್ಕ್ರಿಪ್ಟ್ ಮಾಡಿದ್ದಾನೆ. ಕರ್ನಲ್ ಸಂದೇಶಗಳಲ್ಲಿ ಅಂಥ ಸಾಲು ಬಂದರೆ ನಮಗೆ ಮೇಲ್ ಬರುತ್ತದೆ.

ಪರೀಕ್ಷೆಯ ಹಾಳೆಯೂ ಬದಲಾಗಿದೆ. ಮೊದಲ ಹೆಜ್ಜೆ: ಏಜೆಂಟ್ ಶುರುವಾಗಿ ಒಂದು ಗಂಟೆ ಆದ ಮೇಲೆ, ಯಾವುದನ್ನೂ ಮುಟ್ಟದೆ, ಉಪಕರಣದಿಂದ ಒಂದು ಫೈಲ್ ಹಾಕಿಸುವುದು.

ಫ್ರೀಬಿಎಸ್‌ಡಿ 15ರಲ್ಲಿ ಇನೋಟಿಫೈ ಕರ್ನಲ್ ಒಳಗೇ ಬಂದಿದೆ, ಸ್ವಂತ ಪ್ರೋಗ್ರಾಂಗಳಿಗೂ ಲಿನಕ್ಸ್ ಬೈನರಿಗಳಿಗೂ. ನಾವು ಇನ್ನೂ ಅದಕ್ಕೆ ಹೋಗಿಲ್ಲ. ಮಳೆಗಾಲ ಮುಗಿದು ಮಾದರಿಗಳು ಕಡಿಮೆಯಾದಾಗ ಹೋಗಬೇಕು ಅಂತಿದೆ. ಹೋದ ದಿನ ಟ್ರಸ್‌ನಲ್ಲಿ ಆ ಸಾಲು ಹೇಗೆ ಕಾಣುತ್ತದೆ ಅಂತ ನೋಡಲು ಹುಡುಗ ಈಗಲೇ ಕಾಯುತ್ತಿದ್ದಾನೆ.

ಮೊನ್ನೆ ಲ್ಯಾಬ್‌ನ ಮೇಡಂ ಕಚೇರಿಯ ಪಟ್ಟಿ ತೋರಿಸಿದರು. ಮಧ್ಯಾಹ್ನ 3:10ಕ್ಕೆ ಅಳೆದ ಬಾಟಲಿ, ಫ್ಲೋರೈಡ್ ಜಾಸ್ತಿ. ಕಚೇರಿಗೆ ಸೇರಿದ್ದು 3:11. ಪಂಚಾಯಿತಿಗೆ ಫೋನ್ ಹೋದದ್ದು ಅದೇ ಸಂಜೆ.